ಕುರುಗೋಡಿನ ಜರ್ಮನ್ ನಟ

ಹೋದ ಮಂಗಳವಾರ ಬೆಳಿಗ್ಗೆ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನನ್ನ ಸೋದರಮಾವನ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದರು. ಅದರ ಜೊತೆಗೆ ಜರ್ಮನಿಯ ನಟನೊಬ್ಬನ ಕನ್ನಡವೂ ಹೋಯಿತು. ಆ ನಟನಿಗೆ ಈ ವಿಷಯ ಗೊತ್ತಿಲ್ಲ. ಕನ್ನಡ ಎಂಬುದೊಂದು ಇದೆ ಎಂಬುದೂ ಅವನಿಗೆ ಗೊತ್ತಿರಲಾರದು.

ಮಾವ ಕುರುಗೋಡಿನವರು. ನನಗೆ ತಿಳಿದ ಮಟ್ಟಿಗೆ ಕುರುಗೋಡಿನ ಏಕೈಕ ಜರ್ಮನ್ ಕೂಡ ಅವರೇ. ಇದು ನನ್ನ ಉತ್ಪ್ರೇಕ್ಷೆಯಲ್ಲ, ಅವರ ಹೇಳಿಕೆ.

ಮೊದಲು ಅವರು ನಾಟಕ ಕಂಪನಿಗಳಲ್ಲಿದ್ದರು. ಸುಗ್ಗಿ ಮುಗಿದ ಮೇಲೆ ಕಂಪನಿ ಸಿರುಗುಪ್ಪದಲ್ಲಿ ಡೇರೆ ಹಾಕುತ್ತಿತ್ತು. ಪಕ್ಕದಲ್ಲೇ ಅಕ್ಕಿ ಗಿರಣಿ. ಗಿರಣಿ ನಿಲ್ಲುವ ಹಾಗಿಲ್ಲ, ನಾಟಕವೂ ನಿಲ್ಲುವ ಹಾಗಿಲ್ಲ. ಪ್ರೇಯಸಿಯ ಕಿವಿಯಲ್ಲಿ ಹೇಳಬೇಕಾದ ಗುಟ್ಟನ್ನೂ ಗಿರಣಿಯ ಆಚೆ ಬದಿಗೆ ಕೇಳಿಸುವಂತೆ ಹೇಳುವುದನ್ನು ಮಾವ ಅಲ್ಲಿ ಕಲಿತರು. ಕಂಪನಿ ಮುಚ್ಚಿದ ಮೇಲೆ ಆ ಗಂಟಲು ಹೈದರಾಬಾದಿನ ಸ್ಟುಡಿಯೋ ಒಂದಕ್ಕೆ ಹಿಡಿಸಿತು. ಜರ್ಮನಿಯ ಪೊಲೀಸ್ ಧಾರಾವಾಹಿಯೊಂದನ್ನು ಅಲ್ಲಿ ಕನ್ನಡಕ್ಕೆ ಡಬ್ ಮಾಡುತ್ತಿದ್ದರು. ಮುಖ್ಯ ಅಧಿಕಾರಿಯ ಪಾತ್ರ ಮಾಡಿದ ನಟ ಆರೂಕಾಲು ಅಡಿ. ಮಾವ ಐದು ಅಡಿ ಎರಡು ಇಂಚು.

"ಅಷ್ಟು ಎತ್ತರದಾವಗ ನಿಮ್ಮ ದನಿ ಹೆಂಗ ಕೂಡತೈತ್ರಿ ಮಾವ?" ಎಂದು ಕೇಳಿದ್ದೆ.

"ಲೇ ಅಳಿಯಾ, ಮೈಕಿಗೆ ಬೇಕಾದದ್ದು ಬರೇ ಬಾಯಿ. ಎತ್ತರಕ್ಕ ಸ್ಟೂಲು ಕೊಟ್ಟಾರ."

ದನಿ ಕೊಟ್ಟು, ಸಂಬಳ ತೆಗೆದುಕೊಂಡು ಮನೆಗೆ ಬಂದಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಪತ್ರಿಕೆಯಲ್ಲಿರುವ ಅಳಿಯ ಎಂಬ ಹಕ್ಕಿನಿಂದ, ಆ ನಟನ ವೃತ್ತಿಜೀವನದ ವಿವರವನ್ನೆಲ್ಲ ನನ್ನಿಂದ ಹುಡುಕಿಸಿದರು. ಸಣ್ಣ ಊರಿನ ರಂಗಮಂದಿರದಲ್ಲಿ ಈಟಿ ಹಿಡಿದು ಮಾತಿಲ್ಲದೆ ನಿಲ್ಲುವ ಕಾವಲುಗಾರನಾಗಿ ಆರಂಭ. ಆಮೇಲೆ ರಾಜನ ಪಾತ್ರಗಳು. ಆಮೇಲೆ ಸಿನೆಮಾದಲ್ಲಿ ಮೂರನೆಯ ಖಳನಾಯಕ. ಐವತ್ತು ದಾಟಿದ ಮೇಲೆ ಈ ಧಾರಾವಾಹಿ. ಎಲ್ಲ ಕೇಳಿಸಿಕೊಂಡ ಮಾವ, "ಇದು ನನ್ನ ಚರಿತ್ರಿನ ಐತಲ್ಲೋ," ಎಂದರು. ಅಂದಿನಿಂದ ಚಹದಂಗಡಿಯಲ್ಲಿ, "ಈ ಸಲ ಬರ್ಲಿನ್‌ನ್ಯಾಗ ನಮ್ಮ ನಾಟಕ ಐತ್ರಿ," ಎನ್ನತೊಡಗಿದರು. ಕೇಳಿದವರು ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಿದ್ದರು.

ಆ ನಟ ವಿಚ್ಛೇದನ ಪಡೆದ ಸುದ್ದಿಯನ್ನೂ ನಾನೇ ತಂದೆ. ತರಬಾರದಿತ್ತು.

"ನಿಮ್ಮ ಸಾಹೇಬ ಹೆಂಡ್ತಿನ ಬಿಟ್ಟನಂತ?" ಅತ್ತೆ ರೊಟ್ಟಿ ಬಡಿಯುತ್ತ ಕೇಳಿದರು.

"ಅದು ನನಗ ಸಂಬಂಧ ಇಲ್ಲ. ನಾನು ಬರೇ ಅವನ ಮಾತು."

"ಮಾತಾಡದ ಬಿಟ್ಟನೇನು ಹಂಗಾರ?"

ಆ ದಿನ ಮಾವನಿಗೆ ಎರಡನೆಯ ರೊಟ್ಟಿ ತಡವಾಗಿ ಬಂತು.

ಧಾರಾವಾಹಿಯಲ್ಲಿ ಹಿಮದ ದೃಶ್ಯ ಬಂದರೆ ಕುರುಗೋಡಿನ ಬೇಸಿಗೆಯಲ್ಲಿ ಮಫ್ಲರ್ ಸುತ್ತಿಕೊಂಡು, ಸೋಡಾ ಅಂಗಡಿಯ ಐಸ್ ತುಂಡನ್ನು ಬಾಯಲ್ಲಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದರು. ಚಳಿಯಲ್ಲಿ ಮಾತು ಹಲ್ಲಿಗೆ ಸಿಕ್ಕಿಕೊಂಡು ಬರುತ್ತದೆ ಎಂಬುದು ಅವರ ಸಂಶೋಧನೆ. ಹೀಗಾಗಿ ದನಿ ಒಡೆದಾಗ ನಾವೆಲ್ಲ ಐಸನ್ನು ಬೈದೆವು. ಅತ್ತೆ ಐಸ್ ಬಿಡಿಸಿದರು. ದನಿ ಮರಳಲಿಲ್ಲ.

ಅದೇ ವರ್ಷ ಧಾರಾವಾಹಿಯ ಅಧಿಕಾರಿಗೂ ವಯಸ್ಸಾಗಿತ್ತು. ಗಾಜಿನ ಆಚೆ ಕೂತಿದ್ದ ಸ್ಟುಡಿಯೋದ ಎಂಜಿನಿಯರ್, "ಎಂಥಾ ಮುದಿತನ ತಂದಿದ್ದೀರಿ ಸಾರ್, ಹೀಗೇ ಇರಲಿ," ಎಂದ. ಮಾವ ಹಾಗೆಯೇ ಇಟ್ಟುಕೊಂಡರು. ಪಾತ್ರಕ್ಕಾಗಿ ದನಿಯನ್ನೇ ಮುಪ್ಪಾಗಿಸಿಕೊಂಡ ಕಲಾವಿದ ಎಂದು ನಾನು ನಮ್ಮ ಪತ್ರಿಕೆಯ ಒಳಪುಟದಲ್ಲಿ ಎಂಟು ಸಾಲು ಬರೆದೆ. ಅದನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಅಂಟಿಸಿದರು. ಅತ್ತೆ ಡಾಕ್ಟರ ಹೆಸರೆತ್ತಿದಾಗಲೆಲ್ಲ ಕನ್ನಡಿಯ ಕಡೆ ಬೆರಳು ತೋರಿಸುತ್ತಿದ್ದರು.

"ಪೇಪರಿನಾಗ ಬಂದೈತಿ ನೋಡು. ಇದು ಬ್ಯಾನಿ ಅಲ್ಲ, ಅಭಿನಯ."

ಹದಿನಾಲ್ಕು ತಿಂಗಳು ಹೀಗೆ ಹೋದವು. ನಮ್ಮಲ್ಲಿ ಸುದ್ದಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುವ ಪದ್ಧತಿ ಇದೆ. ಇದಕ್ಕೆ ಎಲ್ಲಿ, ಹೇಗೆ ಹಾಕಬೇಕೆಂದು ನನಗೆ ತಿಳಿಯಲಿಲ್ಲ.

ನೀರು ನುಂಗುವುದೂ ಕಷ್ಟವಾದಾಗ ಅತ್ತೆ ಬಳ್ಳಾರಿಗೆ ಕರೆತಂದರು. ಡಾಕ್ಟರು ವರದಿ ನೋಡಿ, ಗಂಟಲಲ್ಲಿ ಕ್ಯಾನ್ಸರ್ ಬೆಳೆದಿದೆ, ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು ಎಂದರು. "ಹೋದ ವರ್ಷವೇ ಬಂದಿದ್ದರೆ" ಎಂದು ಶುರು ಮಾಡಿ, ಅತ್ತೆಯ ಮುಖ ನೋಡಿ ನಿಲ್ಲಿಸಿದರು.

"ಹತ್ತು ದಿನ ಕೊಡ್ರಿ ಡಾಕ್ಟ್ರೇ," ಎಂದರು ಮಾವ. "ಕೊನೀ ಕಂತು ಉಳದೈತಿ. ಅದರಾಗ ಅವ ರಿಟೈರ್ ಆಗ್ತಾನ. ಇಷ್ಟು ವರ್ಷ ನನ್ನ ಬಾಯಿಲೆ ಮಾತಾಡಿ, ಬ್ಯಾರೇದವರ ಬಾಯಿಲೆ ರಿಟೈರ್ ಆದ್ರ ಹೆಂಗ?"

"ನಿಮಗೆ ಜೀವ ಮುಖ್ಯವೋ ಧಾರಾವಾಹಿ ಮುಖ್ಯವೋ?"

ಮಾವ ಉತ್ತರಕ್ಕಾಗಿ ಅತ್ತೆಯ ಕಡೆ ನೋಡಿದರು. ಅತ್ತೆ ಅಳುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಕಾಯಿಪಲ್ಲೆ ಅಂಗಡಿಯ ಮುಂದೆ ನಿಂತ ದನಿಯಲ್ಲಿ, "ಐದು ದಿನ ಕೊಡ್ರಿ, ಸಾಕು," ಎಂದರು. ಡಾಕ್ಟರು ಆರು ಕೊಟ್ಟರು.

ಹೈದರಾಬಾದಿಗೆ ಜೊತೆಗೆ ಹೋದವನು ನಾನು. ಕೊನೆಯ ಕಂತಿನಲ್ಲಿ ಮಾವನ ಪಾಲಿಗೆ ಇದ್ದದ್ದು ನಲವತ್ತು ಮಾತುಗಳು. ಹಿಂದೆ ಒಂದು ಬೆಳಗಿನ ಕೆಲಸ. ಈಗ ಎರಡು ದಿನ ಹಿಡಿಯಿತು. ಒಂದು ಮಾತು, ಒಂದು ಗುಟುಕು ಬಿಸಿನೀರು, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೊಂದು ಮಾತು. ಮುದಿತನವನ್ನು ಹೊಗಳಿದ್ದ ಎಂಜಿನಿಯರ್ ತಲೆ ಎತ್ತಿ ಗಾಜಿನೊಳಗೆ ನೋಡಲೇ ಇಲ್ಲ. ಹೊರಡುವಾಗ ಮಾವ ಅವನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮದೇನೂ ತಪ್ಪಿಲ್ರಿ. ನಾನ ಅಷ್ಟು ಚಲೋ ಮಾಡಿದ್ನಿ."

ಹೇಳಿದ್ದು ಅವನಿಗೆ. ನೋಡಿದ್ದು ನನ್ನ ಕಡೆ.

ಮಂಗಳವಾರ ಶಸ್ತ್ರಚಿಕಿತ್ಸೆ ನಡೆಯಿತು. ಕುತ್ತಿಗೆಯಲ್ಲಿ ನಳಿಕೆ ಇಟ್ಟಿದ್ದಾರೆ. ಉಸಿರು ಇನ್ನು ಮುಂದೆ ಅಲ್ಲಿಂದಲೇ. ಅತ್ತೆ ಹಾಸಿಗೆಯ ಪಕ್ಕದ ಸ್ಟೂಲಿನಿಂದ ಎದ್ದದ್ದು ಕಡಿಮೆ. ನಾನು ಮನೆಯಿಂದ ತಂದ ಬುತ್ತಿ ದಿನವೂ ಹೆಚ್ಚು ಕಡಿಮೆ ಹಾಗೆಯೇ ವಾಪಸಾಗುತ್ತಿತ್ತು.

ಭಾನುವಾರ ಮಧ್ಯಾಹ್ನ ಕೊನೆಯ ಕಂತು ಬಿಡುಗಡೆಯಾಯಿತು. ಮೂವರೂ ನನ್ನ ಫೋನಿನಲ್ಲಿ ನೋಡಿದೆವು. ಅಧಿಕಾರಿ ತನ್ನ ಪಿಸ್ತೂಲು, ಗುರುತಿನ ಚೀಟಿ ಎಲ್ಲ ಒಪ್ಪಿಸಿ ಮನೆಗೆ ಬರುತ್ತಾನೆ. ಕೋಟು ತೆಗೆದು ಗೂಟಕ್ಕೆ ಹಾಕುತ್ತಾನೆ. ಅಡುಗೆಮನೆಯಲ್ಲಿ ನಿಂತ ಹೆಂಡತಿಯ ಕಡೆ ತಿರುಗುತ್ತಾನೆ. ಸ್ಟುಡಿಯೋದವರು ಕೊಟ್ಟಿದ್ದ ಹಾಳೆಯಲ್ಲಿ ಆ ಜಾಗದಲ್ಲಿ ಇದ್ದದ್ದು "ಇಂದಿನಿಂದ ನನಗೆ ಬಿಡುವು" ಎಂಬ ಮಾತು. ಸ್ಟುಡಿಯೋದಲ್ಲಿ ಮಾವ ಆ ಜಾಗಕ್ಕೆ ಬಂದಾಗ ನಾನು ಬಿಸಿನೀರು ತರಲು ಹೊರಗೆ ಹೋಗಿದ್ದೆ.

ಫೋನಿನಿಂದ ಮಾವನ ಒಡೆದ ದನಿ ಬಂತು: "ಊಟ ಆತೇನ?"

"ಇನ್ನಾ ಇಲ್ರಿ," ಎಂದರು ಅತ್ತೆ, ಫೋನಿಗೆ.

ಹಾಸಿಗೆಯ ಮೇಲಿದ್ದ ಮಾವ ಕೈ ಎತ್ತಿ ಕಿಟಕಿಯಲ್ಲಿದ್ದ ಬುತ್ತಿಯನ್ನು ತೋರಿಸಿದರು. ಅತ್ತೆ ಎದ್ದು, ಕೈ ತೊಳೆದುಕೊಂಡು ಬಂದು, ಎರಡು ರೊಟ್ಟಿ ತಿಂದರು. ಆಗ ಗಂಟೆ ಎರಡೂ ಹತ್ತು.