ವೈನು, ಟೋಪಿ ಮತ್ತು ನಮ್ಮ ಭಟ್ಟರು

ಬೇರೆಯವರಿಗೆ ನಗುವುದಕ್ಕೆ ಒಳ್ಳೆಯ ದಿನ ಬೇಕಂತೆ. ನಮ್ಮ ಹೋಟೆಲಿನಲ್ಲಿ ಹಾಗಲ್ಲ, ನಷ್ಟವಾದ ದಿನವೇ ನಗುವಂಥದ್ದೂ ಏನಾದರೊಂದು ಆಗುತ್ತಿತ್ತು. ಕೊರೋನಾ ಬಂದ ಮೇಲಂತೂ ನಕ್ಕು ನಕ್ಕು ಸುಸ್ತಾಗಿದ್ದೇವೆ.

ಹೋಟೆಲಿದ್ದದ್ದು ಟೋಕಿಯೋದಲ್ಲಿ, ಆಫೀಸುಗಳೇ ತುಂಬಿದ ಮಿನಾಟೋ ಬಡಾವಣೆಯಲ್ಲಿ. ಮಾಲೀಕರು ಬೆಂಗಳೂರಿನವರು. ಶಿನಾಗಾವಾದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಎಚ್.ಆರ್. ಆಗಿದ್ದು, ಜನರನ್ನು ಕೆಲಸಕ್ಕೆ ಸೇರಿಸಿ ಸೇರಿಸಿ ಬೇಸತ್ತು ದೋಸೆಗೆ ಇಳಿದವರು. ಅಡುಗೆಗೆ ಕುಂದಾಪುರದ ಕಡೆಯ ಭಟ್ಟರು. ಮಿಕ್ಕಿದ್ದಕ್ಕೆಲ್ಲ, ಅಂದರೆ ಬೈಸಿಕೊಳ್ಳುವುದಕ್ಕೆ, ಮ್ಯಾನೇಜರ್ ಎಂಬ ಹೆಸರಿನಲ್ಲಿ ನಾನು.

ಆಫೀಸಿನವರೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದರು. ಮಧ್ಯಾಹ್ನದ ಊಟಕ್ಕೆ ಒಂದು ನರಪಿಳ್ಳೆಯೂ ಬಾರದಂತಾಯಿತು. ಆಗ ಮಾಲೀಕರು ಹೇಳಿದರು: “ನೋಡ್ರೀ, ಲಂಚ್ ಹೋಯ್ತು. ಇನ್ನು ಡಿನ್ನರ್ ಒಂದೇ ದಾರಿ. ದೋಸೆ ಜೊತೆ ವೈನ್ ಇಡೋಣ. ಇದೂ ಕೈಕೊಟ್ರೆ ಬಾಗಿಲು ಹಾಕಿ ಊರಿಗೆ ಹೋಗೋದೇ, ನೀವೂ ನಾನೂ.”

ನನ್ನ ಮಗಳು ಇಲ್ಲಿಯ ಶಾಲೆಯಲ್ಲಿದ್ದಳು. ಕನ್ನಡದಲ್ಲಿ ಕೇಳಿದರೆ ಜಪಾನಿಯಲ್ಲಿ ಉತ್ತರ ಕೊಡುವ ಹುಡುಗಿ. ಊರಿಗೆ ಹೋಗುವುದು ನನಗೆ ಆಟದ ಮಾತಾಗಿರಲಿಲ್ಲ.

ತುಟಿಗೆ ತಾಗಿಸದೆ

ವೈನ್ ವ್ಯಾಪಾರಿ ಅಮೆರಿಕದವನು, ಟೋಕಿಯೋದಲ್ಲೇ ನೆಲೆನಿಂತವನು. ಬಾಟಲಿಗಳ ಸಮೇತ ಬಂದು ನಮಗೆ ಪಾಠ ಮಾಡಿದ. ಗ್ಲಾಸನ್ನು ತಿರುಗಿಸಬೇಕು, ಮೂಸಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಿ ಪಕ್ಕದ ಬಕೆಟ್ಟಿಗೆ ಉಗಿಯಬೇಕು.

“ಎಂಜಲು ಮಾಡಿದ್ದನ್ನ ಎದುರಿಗೇ ಉಗಿಯೋದಾ? ಅದೂ ಈ ಕಾಲದಲ್ಲಿ?” ಎಂದು ಮಾಲೀಕರು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಮಾಸ್ಕನ್ನು ಗಲ್ಲಕ್ಕಿಳಿಸಿ, ತಲೆ ಹಿಂದಕ್ಕೆ ವಾಲಿಸಿ, ಮದುವೆಮನೆಯಲ್ಲಿ ಚೊಂಬಿನ ನೀರು ಕುಡಿಯುವಂತೆ ಗ್ಲಾಸನ್ನು ಮೇಲೆತ್ತಿ ಗಂಟಲಿಗೆ ಸುರಿದುಕೊಂಡರು. ತುಟಿಗೆ ಗ್ಲಾಸೂ ತಾಗಲಿಲ್ಲ, ನಾಲಿಗೆಗೆ ವೈನೂ ತಾಗಲಿಲ್ಲ.

ವ್ಯಾಪಾರಿ ಮೆಚ್ಚಿಕೊಂಡ. “ಸೋಂಕು ತಡೆಯೋಕೆ ಎಷ್ಟು ಒಳ್ಳೆ ಕ್ರಮ! ರುಚಿ ಹೇಗಿದೆ?”

ಉತ್ತರ ಹೇಳಲು ಹೋದ ಮಾಲೀಕರಿಗೆ ವೈನ್ ನೆತ್ತಿಗೇರಿತು. ಕೆಮ್ಮು ಶುರುವಾಯಿತು, ನಿಲ್ಲಲೇ ಇಲ್ಲ. ಆ ದಿನಗಳಲ್ಲಿ ಟೋಕಿಯೋದಲ್ಲಿ ಕೆಮ್ಮುವುದೆಂದರೆ ಚಾಕು ಹಿರಿದಂತೆ. ನೆತ್ತಿ ತಟ್ಟಿಕೊಂಡು ಅವರು ತಲೆ ಎತ್ತುವಷ್ಟರಲ್ಲಿ ವ್ಯಾಪಾರಿ ರಸ್ತೆಯ ಆಚೆ ಬದಿಯಲ್ಲಿ ನಿಂತು, ಮುಂದಿನ ರುಚಿ ನೋಡುವ ಕಾರ್ಯಕ್ರಮ ಕಂಪ್ಯೂಟರಿನಲ್ಲಿ ಎಂದು ಕೈಸನ್ನೆ ಮಾಡುತ್ತಿದ್ದ.

ಆಫರ್ ಲೆಟರ್ ಇಲ್ಲದ ಹುಡುಗ

ಕಂಪ್ಯೂಟರಿನಲ್ಲಿ ವ್ಯಾಪಾರಿಯ ಕಣ್ಣು ನಮ್ಮ ಮೇಲಿರುತ್ತಿರಲಿಲ್ಲ. ಪಕ್ಕದ ಇನ್ನೊಂದು ತೆರೆಯ ಮೇಲಿರುತ್ತಿತ್ತು. ಏನದು ಎಂದು ಮಾಲೀಕರು ಕೇಳಿಯೇ ಬಿಟ್ಟರು.

ಅವನು ಓದಿದ ಕಾಲೇಜಿನ ಫುಟ್‌ಬಾಲ್ ತಂಡವಂತೆ. ಅಮೆರಿಕದ ಫುಟ್‌ಬಾಲ್, ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಹೈಸ್ಕೂಲ್ ಹುಡುಗರನ್ನು ಕಾಲೇಜುಗಳೇ ಹಿಂದೆ ಬಿದ್ದು ಕರೆಯುತ್ತವಂತೆ. ಒಬ್ಬ ಹುಡುಗ ಇವನ ಕಾಲೇಜಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದಾನಂತೆ. ಅಲ್ಲಿ ಆಟಗಾರರಿಗೂ ನಕ್ಷತ್ರ ಕೊಟ್ಟು ಅಳೆಯುತ್ತಾರಂತೆ, ಇವನು ಐದು ನಕ್ಷತ್ರದ ಹುಡುಗನಂತೆ!

ಕಾಲೇಜಿನ ಅಂಗಳಕ್ಕೆ ಕಾಲಿಡದ ಹುಡುಗನಿಗೆ ಐದು ನಕ್ಷತ್ರ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಬಗ್ಗಿ ಅರಿಗಾತೋ ಎಂದು ಧನ್ಯವಾದ ಹೇಳುವ ನಮ್ಮ ಹೋಟೆಲಿಗೆ ಇಂಟರ್ನೆಟ್ಟಿನಲ್ಲಿ ಎರಡೂವರೆ. ನನಗೆ ಹೊಟ್ಟೆ ಉರಿಯಿತು.

ಮಾಲೀಕರ ಮುಖ ಮಾತ್ರ ಅರಳಿತು. “ಇದು ನಮ್ಮ ಕ್ಯಾಂಪಸ್ ಇಂಟರ್‌ವ್ಯೂ ಕಣ್ರೀ!” ಎಂದವರೇ ತೆರೆಯ ಕಡೆ ಬಗ್ಗಿ, “ಬಾಂಡ್ ಬರೆಸ್ಕೊಂಡಿದ್ದಾರಾ?” ಎಂದು ಕೇಳಿದರು.

“ಇಲ್ಲ, ಈಗ ಬರೀ ಬಾಯಿಮಾತು. ಸಹಿ ಡಿಸೆಂಬರಿನಲ್ಲಿ.”

“ಬಾಯಿಮಾತು ನಂಬ್ಕೊಂಡು ಕೂತಿದ್ದೀರಾ? ಬರೆಸ್ಕೊಳ್ಳದೆ ಇರೋ ಮನುಷ್ಯ ಇವತ್ತೋ ನಾಳೆಯೋ ಹೋಗ್ತಾನೆ. ನನ್ನ ಸರ್ವಿಸ್‌ನಲ್ಲಿ ಎಷ್ಟು ಜನರನ್ನ ನೋಡಿಲ್ಲ!”

ಅಂದಿನಿಂದ ಮಾಲೀಕರಿಗೂ ಆ ಹುಚ್ಚು ಹಿಡಿಯಿತು. ಅಮೆರಿಕದ ಹುಡುಗರ ಎತ್ತರ, ತೂಕ, ಓಟ ಎಲ್ಲ ಬಾಯಿಪಾಠ. ಉದ್ದಿನಬೇಳೆ ಮುಗಿದಿರುವುದು ಮಾತ್ರ ಗೊತ್ತಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತ ಭಟ್ಟರು ಒಮ್ಮೆ ಕೇಳಿದರು: “ಅಲ್ಲ ಸಾರ್, ಅವ ಕೇಳದೆಯೇ ಅಷ್ಟೆಲ್ಲ ಕಡೆಯಿಂದ ಕರೀತಾರಾ?”

“ಕೈಯಲ್ಲಿ ಕಸುಬಿದ್ರೆ ಕರೀತಾರೆ ಭಟ್ರೇ.”

“ಹೌದಾ ಮಾರಾಯ್ರೆ,” ಎಂದು ಭಟ್ಟರು ಹಿಟ್ಟು ರುಬ್ಬಲು ಹೋದರು. ಈ ಇಡೀ ಪಾಠದಿಂದ ಏನಾದರೂ ಕಲಿತವರು ಅವರೊಬ್ಬರೇ.

ರೇಷ್ಮೆ ಸೀರೆ

ಅಂತೂ ವೈನ್ ಆರಿಸಿದೆವು. ಮೆನು ಅಚ್ಚಾಯಿತು, ಪೆಟ್ಟಿಗೆಗಳು ಬಂದವು. ಬೆನ್ನಿಗೇ ಸರ್ಕಾರದ ಆದೇಶವೂ ಬಂತು: ಹೋಟೆಲುಗಳಲ್ಲಿ ಮದ್ಯ ಬಡಿಸುವಂತಿಲ್ಲ.

ಪರಿಶೀಲನೆಗೆ ಬಂದ ಇಬ್ಬರು ಅಧಿಕಾರಿಗಳು ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತ ಸೊಂಟದವರೆಗೆ ಬಾಗಿದರು. “ಬಾಟಲಿಗಳು ಕಣ್ಣಿಗೆ ಬಿದ್ದರೆ ಗಿರಾಕಿಗಳು ಕೇಳಬಹುದು, ನಿಮಗೆ ಇಲ್ಲ ಎನ್ನಲು ಕಷ್ಟವಾಗಬಹುದು,” ಎಂದರು. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಇಷ್ಟು ಮರ್ಯಾದೆಯಿಂದ ಕತ್ತು ಹಿಸುಕುವವರಿಗೆ ಏನು ಹೇಳುವುದು?

ಮಾಲೀಕರು ಮನೆಯಿಂದ ಹೆಂಡತಿಯ ಹಳೆಯ ರೇಷ್ಮೆ ಸೀರೆ ತಂದು ಕಪಾಟಿಗೆ ಹೊದಿಸಿದರು. ಎದುರಿಗೆ ಭಟ್ಟರ ಊದುಬತ್ತಿ ಮೊದಲೇ ಇತ್ತು. ಮರುದಿನ ಇಡ್ಲಿಗೆ ಬಂದ ಜಪಾನಿ ಅಜ್ಜಿಯೊಬ್ಬರು ಅದರ ಮುಂದೆ ನಿಂತು, ಇಲ್ಲಿಯ ಗುಡಿಗಳಲ್ಲಿ ಮಾಡುವ ಹಾಗೆ ಎರಡು ಸಲ ಚಪ್ಪಾಳೆ ತಟ್ಟಿ ಕಣ್ಮುಚ್ಚಿ ಬೇಡಿಕೊಂಡರು. ಮಾಲೀಕರು ಒಂದು ಕ್ಷಣ ನೋಡಿದರು. ಆಮೇಲೆ ತಾವೂ ಪಕ್ಕದಲ್ಲಿ ನಿಂತು ಕೈಮುಗಿದರು. ಅವರ ಬಂಡವಾಳವೆಲ್ಲ ಇದ್ದದ್ದು ಅಲ್ಲೇ ತಾನೆ.

ಟೋಪಿ

ಆದೇಶ ಹಿಂತೆಗೆದ ಮೇಲೆ ಸೀರೆ ತೆಗೆದೆವು. ಸಂಜೆಗೆ ನಾಲ್ಕು ಜನ ಬರತೊಡಗಿದರು. ಭಟ್ಟರ ನೀರುದೋಸೆ, ಜೊತೆಗೆ ಬಿಳಿ ವೈನು. ಜನ ಮತ್ತೆ ಮತ್ತೆ ಬಂದರು. ಉಳಿದುಕೊಂಡೆವು ಎಂದು ನಾನು ಮಗಳಿಗೆ ಹೊಸ ಶಾಲಾಚೀಲ ಕೊಡಿಸಿದೆ.

ಡಿಸೆಂಬರಿನ ಒಂದು ಬೆಳಗ್ಗೆ ವ್ಯಾಪಾರಿ ಓಡಿಬಂದ. ಅವನ ಹುಡುಗ ಸಹಿ ಹಾಕುವ ದಿನವಂತೆ. ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೂತೆವು. ಹುಡುಗನ ಮುಂದೆ ಮೇಜು, ಮೇಜಿನ ಮೇಲೆ ಬೇರೆ ಬೇರೆ ಕಾಲೇಜಿನ ಟೋಪಿಗಳು. ಯಾವುದನ್ನು ತಲೆಗೆ ಹಾಕಿಕೊಳ್ಳುತ್ತಾನೋ ಆ ಕಾಲೇಜಿಗೆ ಸೇರಿದಂತೆ. ಹುಡುಗ ನಗುತ್ತ ಇವನ ಕಾಲೇಜಿನ ಟೋಪಿ ಮುಟ್ಟಿದ, ಬಿಟ್ಟ, ಪಕ್ಕದ್ದನ್ನು ಹಾಕಿಕೊಂಡ.

ವ್ಯಾಪಾರಿ ಮುಖ ಮುಚ್ಚಿಕೊಂಡ. ಮಾಲೀಕರು ಬೆನ್ನು ಸವರಿದರು. “ನಾನು ಆವತ್ತೇ ಹೇಳಲಿಲ್ವಾ? ಬರೆಸ್ಕೋಬೇಕಿತ್ತು.”

ಆಗ ಅಡುಗೆಮನೆಯಿಂದ ಭಟ್ಟರು ಬಂದರು. ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟಿದ್ದರು. ಮೇಜಿನ ಮೇಲೆ ಎರಡು ಅಡುಗೆ ಟೋಪಿ ಇಟ್ಟರು. ಒಂದು ನಮ್ಮದು, ಅರಿಶಿನದ ಕಲೆಯದು. ಇನ್ನೊಂದು ಉದ್ದನೆಯದು, ಬೆಳ್ಳಗೆ, ಒಸಾಕಾದ ದೊಡ್ಡ ಹೋಟೆಲೊಂದರದ್ದು.

“ಸಾರ್, ನಂದೂ ಒಂದು ಅನೌನ್ಸ್‌ಮೆಂಟ್ ಉಂಟು,” ಎಂದರು. ನಮ್ಮ ಟೋಪಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಳಗಿಟ್ಟರು. ಒಸಾಕಾದ್ದನ್ನು ತಲೆಗೆ ಹಾಕಿಕೊಂಡರು.

ಮಾಲೀಕರು ಕೆಳಗಿಟ್ಟ ಟೋಪಿಯನ್ನು ಎತ್ತಿಕೊಂಡರು. ಅವರೊಳಗಿನ ಹಳೆಯ ಎಚ್.ಆರ್. ಮಾತಾಡಿದರು: “ನೋಟಿಸ್ ಪೀರಿಯಡ್, ಭಟ್ರೇ?”

“ನೀವು ನನ್ನ ಹತ್ರ ಬರೆಸ್ಕೊಳ್ಳೇ ಇಲ್ಲ ಅಲ್ವಾ ಸಾರ್,” ಎಂದರು ಭಟ್ಟರು. “ನಮ್ಮದು ಬರೀ ಬಾಯಿಮಾತು.”

ಅಳುತ್ತಿದ್ದ ವ್ಯಾಪಾರಿ ಎದ್ದುನಿಂತು ಭಟ್ಟರಿಗೆ ಚಪ್ಪಾಳೆ ತಟ್ಟಿದ.

ಭಟ್ಟರಿಲ್ಲದೆ ದೋಸೆಯಿಲ್ಲ, ದೋಸೆಯಿಲ್ಲದೆ ವೈನಿಲ್ಲ. ಮಾಲೀಕರು ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು: “ನಿಮಗೂ ಎಲ್ಲಿಂದಾದ್ರೂ ಕರೆ ಬಂದಿದೆಯೇನ್ರೀ?”

“ಇಲ್ಲ ಸಾರ್,” ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡು, ಕೊರೋನಾದ ಅಂತರವನ್ನೂ ಮರೆತು, “ನಿಮ್ಮಂಥ ನಿಯತ್ತಿನವರು ಈಗ ಎಲ್ಲಿ ಸಿಗ್ತಾರೆ!” ಎಂದು ಕಣ್ಣೀರು ಹಾಕಿದರು. ನಾನೂ ಅತ್ತೆ. ಒಂದು ಟೋಪಿ, ಯಾವುದಾದರೂ ಒಂದು ಹರಕು ಟೋಪಿ ನನಗೂ ಬಂದಿದ್ದರೆ ಭಟ್ಟರಿಗಿಂತ ಮೊದಲೇ ತಲೆಗೆ ಹಾಕಿಕೊಂಡಿರುತ್ತಿದ್ದೆ.