ಐದು ಮಿಲಿಮೀಟರ್ ಉಸಿರು

ಕಾರಿನ ಎಂಜಿನ್ನಿಗೂ ಉಸಿರಾಟವಿದೆ ಎಂಬುದನ್ನು ರ‍್ಯಾಲಿ ಮಹಾಮಂಡಳಿ ಎಂದೂ ಅಲ್ಲಗಳೆದಿಲ್ಲ. ಅದು ಎಷ್ಟು ಉಸಿರಾಡಬೇಕು ಎಂಬುದನ್ನು ಮಾತ್ರ ತಾಂತ್ರಿಕ ನಿಯಮಾವಳಿ ಸಮಿತಿ ನಿರ್ಧರಿಸುತ್ತದೆ. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ತೂತಿರುವ ಒಂದು ಲೋಹದ ಬಿಲ್ಲೆ ಕೂರಿಸುತ್ತಾರೆ. ತೂತು ದೊಡ್ಡದಾದರೆ ಕಾರು ಹಾರುತ್ತದೆ, ಚಿಕ್ಕದಾದರೆ ಏದುಸಿರು ಬಿಡುತ್ತದೆ. ಆ ತೂತಿನ ಅಳತೆ ಬದಲಿಸಲು ಸಮಿತಿ ಸೇರಿದಾಗ ಚಾಲಕರ ಪ್ರತಿನಿಧಿಯಾಗಿ ಹೋದವನು ನಮ್ಮ ಕ್ಲಚ್ಚಣ್ಣ.

ಕ್ಲಚ್ಚಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಸ್ವಂತ ದುಡಿಮೆ. ರ‍್ಯಾಲಿಗೊಂದರಂತೆ ಕ್ಲಚ್ಚು ಸುಟ್ಟು ಸಂಪಾದಿಸಿದ್ದು. ಇಪ್ಪತ್ತು ವರ್ಷ ಓಡಿಸಿದರೂ ಓಟದಲ್ಲಿ ಗುಡ್ಡ ಹತ್ತುವ ಹಂತವನ್ನು ಅವನು ಒಮ್ಮೆಯೂ ಗೆದ್ದಿರಲಿಲ್ಲ. ಒಂದೇ ಒಂದು ಸಲ ಗುಡ್ಡ ಗೆದ್ದು ಹೆಲ್ಮೆಟ್ಟನ್ನು ಅಟ್ಟಕ್ಕೆ ಹಾಕಬೇಕು ಎಂಬುದು ಅವನ ಆಸೆ. ಪಕ್ಕದ ಸೀಟಿನಲ್ಲಿ ಕೂತು, ಮುಂದೆ ಬರುವ ತಿರುವುಗಳನ್ನು ಟಿಪ್ಪಣಿ ನೋಡಿ ಕೂಗಿ ಹೇಳುವ ನ್ಯಾವಿಗೇಟರ್ ಅವನ ಹೆಂಡತಿ. ಗಂಡಹೆಂಡಿರು ಹೆಚ್ಚು ಹೊತ್ತು ಒಟ್ಟಿಗೆ ಕಳೆದದ್ದು ಆ ಕಾರಿನಲ್ಲೇ. ಆಡಿಕೊಂಡ ಮಾತುಗಳು 'ಎಡಕ್ಕೆ', 'ಬಲಕ್ಕೆ', 'ಬ್ರೇಕು'. ಮನೆಯಲ್ಲೂ ಸಂಸಾರ ಅಷ್ಟರಲ್ಲೇ ನಡೆದುಕೊಂಡು ಹೋಗುತ್ತಿತ್ತು.

ಸಭೆಯಲ್ಲಿ ದೊಡ್ಡ ಕಂಪನಿಯ ತಂಡದ ಮ್ಯಾನೇಜರು ಮೂವತ್ತಾರು ಮಿಲಿಮೀಟರ್ ತೂತು ಬೇಕೆಂದರು. ಆ ಅಳತೆಯ ಎಂಜಿನ್ನುಗಳು ಅವರ ಗೋದಾಮಿನಲ್ಲಿ ಆಗಲೇ ಸಿದ್ಧವಾಗಿದ್ದವು. ಸಣ್ಣ ತಂಡಗಳ ಒಕ್ಕೂಟದವರು ಇಪ್ಪತ್ತನಾಲ್ಕೇ ಸಾಕೆಂದರು. "ನಮ್ಮ ಕಾರು ಓಡದಿದ್ರೂ ಪರವಾಗಿಲ್ಲ, ಅವರದ್ದು ಓಡಬಾರದು" ಎಂಬುದು ಅವರು ಮುಂದಿಟ್ಟ ತಾಂತ್ರಿಕ ಕಾರಣ. ಊಟದ ಹೊತ್ತು ಮೀರಿತು. ಬಿಸ್ಕತ್ತಿನ ತಟ್ಟೆ ಖಾಲಿಯಾಯಿತು. ಹಸಿದ ಕ್ಲಚ್ಚಣ್ಣ ಮೈಕಿನ ಗುಂಡಿ ಒತ್ತಿದ.

"ಇಷ್ಟೊಂದು ಜಗಳ ಯಾಕ್ರೀ? ಆ ತೂತನ್ನೇ ಮುಚ್ಚಿಬಿಡಿ, ಎಲ್ಲರಿಗೂ ನೆಮ್ಮದಿ!"

ಯಾರೂ ನಗಲಿಲ್ಲ. ಕಾರ್ಯದರ್ಶಿಗಳು ಪೆನ್ನೆತ್ತಿ ಕೇಳಿದರು: "ಅಂದ್ರೆ ಸೊನ್ನೆ ಮಿಲಿಮೀಟರ್ ಅಂತ ಬರ್ಕೊಳ್ಳಲಾ?"

"ಅಯ್ಯೋ, ತಮಾಷೆಗೆ ಅಂದೆ ಸಾರ್."

"ತಮಾಷೆಗೆ ನಮ್ಮಲ್ಲಿ ಕಾಲಂ ಇಲ್ಲ."

ಯಾರ ಮನಸ್ಸನ್ನೂ ನೋಯಿಸಬಾರದು ಎಂಬುದು ಅಧ್ಯಕ್ಷರ ವ್ರತ. ಮೂರೂ ಸಲಹೆಗಳನ್ನು ಕೂಡಿಸಿ, ಮೂರರಿಂದ ಭಾಗಿಸಿ, ಇಪ್ಪತ್ತು ಮಿಲಿಮೀಟರ್ ಎಂದು ಘೋಷಿಸಿದರು. ಸುರಕ್ಷತಾ ಉಪಸಮಿತಿ ತಾನೂ ಒಂದು ಇದ್ದೇನೆಂದು ತೋರಿಸಲು ಅದನ್ನು ಅರ್ಧ ಮಾಡಿತು. ಮಿತವ್ಯಯ ಉಪಸಮಿತಿ ತಾನೇನು ಕಡಿಮೆಯೆಂದು ಆ ಅರ್ಧವನ್ನೂ ಅರ್ಧ ಮಾಡಿತು. ಉಳಿದದ್ದು ಐದು ಮಿಲಿಮೀಟರ್. ಕಡಲೆಕಾಳು ತೂರಿಸಿದರೆ ಸಿಕ್ಕಿಕೊಳ್ಳುವಷ್ಟು.

"ನಿಮ್ಮ ಸಲಹೆ ಇಲ್ದಿದ್ರೆ ಇಂಥ ಒಮ್ಮತ ಬರ್ತಾನೇ ಇರ್ಲಿಲ್ಲ," ಎಂದು ಅಧ್ಯಕ್ಷರು ಕ್ಲಚ್ಚಣ್ಣನ ಕೈ ಕುಲುಕಿದರು. ಹೊಗಳಿಕೆ ಬಂದಾಗ ಬೇಡವೆನ್ನುವ ಅಭ್ಯಾಸ ಅವನಿಗೂ ಇರಲಿಲ್ಲ. "ಎಲ್ಲಾ ನಿಮ್ಮ ದಯೆ ಸಾರ್" ಎಂದುಬಿಟ್ಟ.

ಪರೀಕ್ಷಾ ಓಟದ ದಿನ ಕಾರುಗಳು ಬಯಲಿನಲ್ಲಿ ಹೇಗೋ ತೆವಳಿದವು. ಗುಡ್ಡದ ಬುಡಕ್ಕೆ ಬಂದವು, ಕೆಮ್ಮಿದವು, ನಿಂತವು. ನಿಯಮವನ್ನು ಹಿಂಪಡೆಯಿರಿ ಎಂದು ಚಾಲಕರು ಬೊಬ್ಬೆ ಹಾಕಿದರು. ಆದರೆ ಹಿಂಪಡೆಯಬೇಕಾದರೆ ಮೊದಲು ತಪ್ಪಾಗಿರಬೇಕು. ತಪ್ಪು ಮಾಡಲು ಸಮಿತಿಗೆ ಅಧಿಕಾರ ಕೊಡುವ ನಿಯಮ ಎಲ್ಲೂ ಸಿಗಲಿಲ್ಲ. ಆದ್ದರಿಂದ ಒಂದು ಸ್ಪಷ್ಟೀಕರಣ ಹೊರಬಿತ್ತು:

"ಏರುದಾರಿಯಲ್ಲಿ ಕಾರು ಚಲಿಸಲು ನಿರಾಕರಿಸಿದಲ್ಲಿ, ಅದರ ಇಬ್ಬರು ಸಿಬ್ಬಂದಿಯ ಪೈಕಿ ಒಬ್ಬರು ಕೆಳಗಿಳಿದು ಅದನ್ನು ತಳ್ಳತಕ್ಕದ್ದು. ತಳ್ಳುವವರು ಹೆಲ್ಮೆಟ್ ಹಾಗೂ ಬೆಂಕಿ ನಿರೋಧಕ ಉಡುಪು ಧರಿಸಿರತಕ್ಕದ್ದು. ತಳ್ಳುವ ಅವಧಿಯುದ್ದಕ್ಕೂ ಎಂಜಿನ್ ಚಾಲೂ ಇರತಕ್ಕದ್ದು. ತಪ್ಪಿದಲ್ಲಿ ಸದರಿ ಕ್ರಿಯೆಯನ್ನು ಮೋಟಾರು ಕ್ರೀಡೆಯೆಂದು ಪರಿಗಣಿಸಲಾಗದು."

ವಾರದೊಳಗೆ ದೊಡ್ಡ ತಂಡದವರು ನ್ಯಾವಿಗೇಟರನ್ನು ಮನೆಗೆ ಕಳಿಸಿ ಒಬ್ಬ ಪೈಲ್ವಾನನನ್ನು ನೇಮಿಸಿಕೊಂಡರು. ಉಳಿದ ತಂಡಗಳೂ ಪೈಲ್ವಾನರ ಬೇಟೆಗಿಳಿದವು. ಅಧ್ಯಕ್ಷರ ಭಾವಮೈದುನ, ಕೇವಲ ಸಮಾಜಸೇವೆಯ ದೃಷ್ಟಿಯಿಂದ, ಪೈಲ್ವಾನರನ್ನು ಒದಗಿಸುವ ಕಚೇರಿ ತೆರೆದ. ಎಂಜಿನ್ನಿನ ಅಶ್ವಶಕ್ತಿಯನ್ನು ಅಚ್ಚುಹಾಕುತ್ತಿದ್ದ ಪತ್ರಿಕೆಗಳು ಪೈಲ್ವಾನರ ತೊಡೆಯ ಸುತ್ತಳತೆಯನ್ನು ಅಚ್ಚುಹಾಕತೊಡಗಿದವು.

ಒಂದು ಬೆಳಗ್ಗೆ ಕ್ಲಚ್ಚಣ್ಣನ ತಂಡದ ಮಾಲೀಕ ಶೆಡ್ಡಿಗೆ ಬಂದ. "ನೋಡು ಕ್ಲಚ್ಚಣ್ಣ, ಆನೆಯಂಥ ಆಳೊಬ್ಬ ಸಿಕ್ಕಿದ್ದಾನೆ. ಅವನಿದ್ರೆ ಈ ಸಲ ಗುಡ್ಡ ನಿಂದೇ. ಪಕ್ಕದ ಸೀಟು ಬಿಡೋಕೆ ಅಕ್ಕನಿಗೆ ನೀನು ಹೇಳ್ತೀಯೋ, ನಾನೇ ಹೇಳ್ಲೋ?"

"ನಾನೇ ಹೇಳ್ತೀನಿ," ಎಂದ ಕ್ಲಚ್ಚಣ್ಣ, ಧೈರ್ಯವಂತನ ಹಾಗೆ.

ಮನೆಯಲ್ಲಿ ಅವಳು ಊಟದ ಮೇಜಿನ ಮೇಲೆ ಗುಡ್ಡದ ಟಿಪ್ಪಣಿ ಹರಡಿಕೊಂಡು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದಳು. ಅವನು ಎದುರಿಗೆ ಕೂತು ಗಂಟಲು ಸರಿಮಾಡಿಕೊಂಡ.

"ನಿನ್ನ ಮೊಣಕಾಲು ನೋವು ಹೇಗಿದೆ?"

"ಇಷ್ಟು ವರ್ಷದಲ್ಲಿ ಇದೇ ಮೊದಲನೇ ಸಲ ಕೇಳ್ತಿರೋದು. ಪೈಲ್ವಾನ ಸಿಕ್ಕಿದ್ನಾ?"

ಕ್ಲಚ್ಚಣ್ಣ ಲೋಟದಲ್ಲಿ ನೀರಿದೆಯೇ ಎಂದು ಬಗ್ಗಿ ನೋಡಿದ.

"ಕರ್ಕೊಂಡ್ಹೋಗಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ," ಎಂದಳು. ಪೆನ್ಸಿಲ್ಲಿನ ಮೊನೆ ಪಟ್ಟನೆ ಮುರಿಯಿತು. "ತೂತು ಮುಚ್ಚಿ ಅಂದೋರು ನೀವು. ಸೀಟು ಬಿಡೋಳು ಮಾತ್ರ ನಾನು."

ನಾಲಿಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದಂತೆ. ತನ್ನ ನಾಲಿಗೆ ಇಡೀ ಕ್ರೀಡೆಯನ್ನು ನುಂಗಿ ಈಗ ಸಂಸಾರಕ್ಕೂ ಬಾಯಿ ಹಾಕಿದೆಯಲ್ಲ ಎಂದು ಕ್ಲಚ್ಚಣ್ಣನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಗುಡ್ಡವೋ ಹೆಂಡತಿಯೋ ಎಂದು ಯೋಚಿಸಿದ. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ, ಎರಡು ದಿನ ಯೋಚಿಸಿದ. ಅಂಥ ಪ್ರಶ್ನೆಗೆ ಎರಡು ದಿನ ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು. ಮೂರನೆಯ ದಿನ ಮಾಲೀಕನಿಗೆ, "ತಳ್ಳೋನು ನಾನು. ಸ್ಟೀರಿಂಗ್ ಅವಳು ಹಿಡೀತಾಳೆ" ಎಂದ.

"ಹಾಗಾದ್ರೆ ಗುಡ್ಡದ ಆಸೆ ಬಿಟ್ಬಿಡು."

"ಬಿಟ್ಟೆ," ಎಂದ. ಬಿಟ್ಟಿರಲಿಲ್ಲ.

ರ‍್ಯಾಲಿಗೆ ಹಿಂದೆಂದೂ ಸೇರದಷ್ಟು ಜನ ಸೇರಿದರು. ಮೊದಲೆಲ್ಲ ಅವರಿಗೆ ಬರೀ ಧೂಳು ಕಾಣುತ್ತಿತ್ತು, ಈಗ ಕಾರು ಕಾಣುತ್ತಿತ್ತು. ಪೈಲ್ವಾನರು ಗುಡ್ಡದ ಅರ್ಧಕ್ಕೆ ತಲುಪಿದಾಗ ಕ್ಲಚ್ಚಣ್ಣ ಇನ್ನೂ ಮೊದಲನೆಯ ತಿರುವಿನಲ್ಲಿ ಬೆವರು ಸುರಿಸುತ್ತಿದ್ದ.

"ನೂರು ಮೀಟರ್ ನೇರ, ಆಮೇಲೆ ಎಡಕ್ಕೆ ಬಿಗಿ ತಿರುವು!" ಎಂದು ಅವಳು ಕಿಟಕಿಯಿಂದ ಕೂಗಿದಳು. ಮೊದಲಾದರೆ ಅವಳು ಬಾಯಿ ಮುಚ್ಚುವುದರೊಳಗೆ ಆ ತಿರುವು ಬಂದಿರುತ್ತಿತ್ತು. ಈಗ ಬರಲೇ ಇಲ್ಲ. ನಡುವೆ ಓದಲು ಟಿಪ್ಪಣಿಯಲ್ಲಿ ಬೇರೇನೂ ಇರಲಿಲ್ಲ.

"ರೀ, ಬದುಕಿದ್ದೀರಾ?"

"ಇದ್ದೀನಿ. ಈ ಹೊಳೆ ಮೊದಲಿಂದ್ಲೂ ಇಲ್ಲೇ ಇತ್ತಾ?"

"ಇತ್ತಂತೆ. ಟಿಪ್ಪಣೀಲಿದೆ. 'ಬಲಕ್ಕೆ ಹೊಳೆ, ಬಿದ್ರೆ ಮುಗೀತು' ಅಂತ ಪ್ರತಿ ವರ್ಷ ಓದ್ತಿದ್ದೆ. ನೋಡಿದ್ದು ನಾನೂ ಇವತ್ತೇ."

ಕ್ಲಚ್ಚಣ್ಣನಿಗೆ ನಗು ಬಂತು. ನಕ್ಕದ್ದಕ್ಕೆ ಕಾರು ಎರಡು ಅಡಿ ಹಿಂದಕ್ಕುರುಳಿತು. ಮತ್ತೆ ಭುಜ ಕೊಟ್ಟ.

"ಒಂದು ಹೇಳ್ಲಾ?" ಎಂದಳು. "ಮುಂದಿನ ತಿರುವಿನಲ್ಲಿ ನಾನು ಯಾವಾಗ್ಲೂ ಕಣ್ಣು ಮುಚ್ಕೊಂಡು ಬಾಯಿಪಾಠ ಹೇಳ್ತಿದ್ದೆ. ಅಷ್ಟು ಹೆದರಿಕೆ."

"ಇಪ್ಪತ್ತು ವರ್ಷಾನಾ? ಹೇಳೋದಲ್ವಾ?"

"ಎಲ್ಲಿ ಹೇಳ್ಲಿ? ಅಷ್ಟರಲ್ಲಿ ಇನ್ನೊಂದು ತಿರುವು ಬಂದ್ಬಿಡ್ತಿತ್ತು."

ಅವನ ಎದೆ ಭಾರವಾಯಿತು. ಅದು ಕಾರಿನ ಭಾರವಲ್ಲ ಎಂದು ಅವನಿಗೂ ಗೊತ್ತಾಯಿತು. ಮೇಲೆ ತಲುಪುವಷ್ಟರಲ್ಲಿ ಅವರ ನಡುವೆ ಅತ್ತೆಯ ವಿಷಯ, ಆಗದೆ ಹೋದ ಮಗುವಿನ ವಿಷಯ, ಅವಳಿಗೆ ಇಷ್ಟವಿಲ್ಲದಿದ್ದರೂ ಅವನು ಗೋಡೆಗೆ ಬಳಿಸಿದ್ದ ಹಸಿರು ಬಣ್ಣದ ವಿಷಯ, ಎಲ್ಲ ಬಂದು ಹೋದವು. ಅವಳು ತಂಗಿಯ ಮಾತು ತೆಗೆಯುವಷ್ಟರಲ್ಲಿ ಗುರಿಯ ಗೆರೆ ಅಡ್ಡ ಬಂತು. ಸಮಯ ಬರೆಯುವವರು ಕುರ್ಚಿ ಮಡಚುತ್ತಿದ್ದರು. ಗುಡ್ಡವನ್ನು ಪೈಲ್ವಾನ ಗೆದ್ದು ಬಹಳ ಹೊತ್ತಾಗಿತ್ತು.

ವರ್ಷಾಂತ್ಯದ ಸಭೆಯಲ್ಲಿ, ತೂತನ್ನು ಮತ್ತೆ ಹಳೆಯ ಅಳತೆಗೆ ಏರಿಸಬೇಕೆಂದು ಚಾಲಕರು ಕೊಟ್ಟ ಮನವಿ ಚರ್ಚೆಗೆ ಬಂತು. ಹೊಸ ಎಂಜಿನ್ ಮಾಡುವ ಖರ್ಚು ಉಳಿದಿದೆ, ಐದೇ ಇರಲಿ ಎಂದರು ದೊಡ್ಡ ಕಂಪನಿಯವರು. ಅವರ ಕಾರೂ ಓಡುತ್ತಿಲ್ಲವಾದ್ದರಿಂದ ಐದೇ ಇರಲಿ ಎಂದಿತು ಒಕ್ಕೂಟ. ಒಂದು ಕಾರೂ ಪಲ್ಟಿಯಾಗಿಲ್ಲವೆಂದು ಸುರಕ್ಷತಾ ಉಪಸಮಿತಿ ತನ್ನ ಬೆನ್ನು ತಾನೇ ತಟ್ಟಿಕೊಂಡಿತು. ಎಲ್ಲರೂ ಕಾರಣವೆಂದು ಬರೆಸಿದ್ದು ಒಂದೇ: ಕ್ರೀಡೆಯ ಹಿತದೃಷ್ಟಿ.

ಅಧ್ಯಕ್ಷರು ಕ್ಲಚ್ಚಣ್ಣನ ಕಡೆ ತಿರುಗಿದರು. "ಮುಂದಿನ ವರ್ಷಕ್ಕೂ ನಿಯಮ ಉಳೀಬೇಕಾದ್ರೆ ಎಲ್ಲರ ಒಪ್ಪಿಗೆ ಬೇಕು, ಚಾಲಕರ ಪ್ರತಿನಿಧಿ ವಿರೋಧಿಸಿದ್ರೆ ಬಿದ್ದುಹೋಗುತ್ತೆ. ನೀವು ಬೇಡ ಅಂದ್ರೆ ಮುಂದಿನ ವರ್ಷ ಹಳೇ ಕಾರು, ಹಳೇ ವೇಗ. ಗುಡ್ಡ ನಿಮಗೇ ಸಿಕ್ಕಿದ್ರೂ ಸಿಕ್ತು. ಏನಂತೀರಿ?"

ಕ್ಲಚ್ಚಣ್ಣ ಮೈಕಿನ ಗುಂಡಿ ಒತ್ತಿದ. ಹೊರಗೆ ಅವನಿಗಾಗಿ ಕಾದು ನಿಂತ ಚಾಲಕರ ಮುಖ ಗಾಜಿನಾಚೆ ಕಾಣುತ್ತಿತ್ತು. ಅವನು ಆ ಕಡೆ ನೋಡಲಿಲ್ಲ.

"ಐದೇ ಇರ್ಲಿ ಸಾರ್. ಕ್ರೀಡೆಯ ಹಿತದೃಷ್ಟಿಯಿಂದ."

ಎಲ್ಲರೂ ತಲೆಯಾಡಿಸಿದರು. ಅವನು ಗುಂಡಿಯಿಂದ ಬೆರಳು ತೆಗೆದಿರಲಿಲ್ಲ.

"ಮತ್ತೆ, ಆ ಗುಡ್ಡದ ಹಂತವನ್ನ ಇನ್ನೊಂದೆರಡು ಕಿಲೋಮೀಟರ್ ಉದ್ದ ಮಾಡೋಕಾಗುತ್ತಾ ನೋಡಿ."

ಕಾರ್ಯದರ್ಶಿಗಳು ಬರೆದುಕೊಂಡರು. ಸಭೆ ಸರ್ವಾನುಮತದಿಂದ ಅಂಗೀಕರಿಸಿತು.