ಕೋಡುಬಳೆಯ ರಕ್ಷಣೆಗಾಗಿ ಸರ್ವಮಂಗಳೆಯ ಪಾತಾಳಯಾತ್ರೆ

ಕಲಿಯುಗದ ಪ್ರಥಮಪಾದದಲ್ಲಿ, ಲೇಖನಿಗಳು ಶಸ್ತ್ರಸಂನ್ಯಾಸಗೈದು ಕೀಲಿಮಣೆಗಳು ರಣಾಂಗಣಕ್ಕಿಳಿದ ಮಹಾಕಾಲದಲ್ಲಿ, ತುಮಕೂರೆಂಬ ಪುರದ ಹೊರವಲಯದ ತಿಂಡಿ ಕಾರ್ಖಾನೆಯೊಂದರಲ್ಲಿ, ಸಮಸ್ತವೋಚರವಿದಾರಣಚತುರೆಯೂ ಪೈಸಾಪರ್ಯಂತಪರಿಶೋಧನಧುರಂಧರೆಯೂ ಆದ ಲೆಕ್ಕಪತ್ರವಿಭಾಗದ ಸರ್ವಮಂಗಳೆ ವಿರಾಜಿಸುತ್ತಿದ್ದಳು. ಇಪ್ಪತ್ತು ವರ್ಷಗಳಲ್ಲಿ ಆಕೆಯ ಕೈಯಿಂದ ಒಂದು ಸೊನ್ನೆಯೂ ದಾರಿ ತಪ್ಪಿರಲಿಲ್ಲ. ಹಾಗೆಂದು ಆಕೆಯೇ ಹೇಳುತ್ತಿದ್ದಳು.

ಒಂದು ಸೋಮವಾರ, ಹೊಸದಾಗಿ ಬಂದ ವರದಿಯ ಸಾಫ್ಟ್‌ವೇರು ಘೋರವಾರ್ತೆಯೊಂದನ್ನು ಸಾರಿತು: ಇಪ್ಪತ್ತು ರೂಪಾಯಿಗೆ ಮಾರುವ ಕೋಡುಬಳೆ ಪ್ಯಾಕೆಟ್ಟಿನ ತಯಾರಿಕಾ ವೆಚ್ಚ ಇಪ್ಪತ್ತಮೂರು ರೂಪಾಯಿ ಎಂಬತ್ತೊಂಬತ್ತು ಪೈಸೆ!

"ಸಂಜೆಯೊಳಗೆ ಕಾರಣ ಸಿಗ್ಲಿಲ್ಲ ಅಂದ್ರೆ ಕೋಡುಬಳೆ ಬಂದ್," ಎಂದು ಮಾಲೀಕ ನಂಜುಂಡಾರಾಧ್ಯರು ಗುಡುಗಿದರು.

ಕೋಡುಬಳೆ ವಿಭಾಗದ ಮೇಸ್ತ್ರಿ ಹನುಮಕ್ಕ ಸೆರಗಿನಲ್ಲಿ ಕೈಯೊರೆಸುತ್ತ ಓಡಿಬಂದಳು. "ನಾವು ಹನ್ನೊಂದು ಜನ ಏನ್ ಹಿಟ್ಟು ಕದ್ದು ಮನೆಗೆ ಹೊತ್ಕೊಂಡ್ ಹೋದ್ವಾ ಮೇಡಂ? ಈ ಕೆಲ್ಸ ಬಿಟ್ರೆ ಎಲ್ಲಿಗೆ ಹೋಗಾಣ?"

ಸರ್ವಮಂಗಳೆ ಸಿಂಹಿಣಿಯಂತೆ ಎದ್ದು ನಿಂತಳು. "ಅಂಜದಿರು ಹನುಮಕ್ಕ! ಎಣ್ಣೆಯಲ್ಲಿ ಅಡಗಿರಲಿ, ಅಕ್ಕಿಹಿಟ್ಟಿನಲ್ಲಿ ಹುದುಗಿರಲಿ, ಈ ಅನರ್ಥಕಾರಿಯನ್ನು ಜುಟ್ಟು ಹಿಡಿದು ಎಳೆದು ತಾರದಿದ್ದರೆ ನಾನು ಸರ್ವಮಂಗಳೆಯೇ ಅಲ್ಲ!"

ಹಾಗೆಂದು, ಕಂಪ್ಯೂಟರಿನ ಇಲಿಯೆಂಬ ವಜ್ರಾಯುಧವನ್ನು ಹಿಡಿದು ಆ ಅಂಕಿಯ ನೆತ್ತಿಯ ಮೇಲೆ ಒತ್ತಿದಳು. ಅಂಕಿ ಬಿರಿಯಿತು, ಒಳಗೆ ಅತಳ, ಅಲ್ಲಿ ಎಣ್ಣೆ, ಹಿಟ್ಟು, ಕೂಲಿಗಳು ನಿರಪರಾಧಿಗಳಾಗಿ ಕೈಕಟ್ಟಿ ನಿಂತಿದ್ದವು. ಮತ್ತೆ ಒತ್ತಿದಳು; ವಿತಳದಲ್ಲಿ ಕಳೆದ ತಿಂಗಳ ನಾಲ್ಕು ವಾರಗಳು. ಮೂರು ವಾರ ತಲಾ ಸಾವಿರದೊಂಬೈನೂರು ಪ್ಯಾಕೆಟ್ಟುಗಳ ಆಸುಪಾಸು. ಗೌರಿಹಬ್ಬದ ವಾರ, ಒಲೆಗಳು ಆರದೆ ಉರಿದ ವಾರ, ಬರೀ ನೂರೆಂಬತ್ತು ಪ್ಯಾಕೆಟ್!

"ಆ ವಾರ ಮೈಕೈ ನೋವಿಗೆ ಮಾತ್ರೆ ನುಂಗ್ಕೊಂಡ್ ಮಾಡಿದ್ವಲ್ಲಮ್ಮಾ!" ಎಂದಳು ಹನುಮಕ್ಕ.

"ಸಿಕ್ಕೆಯಾ, ಮಾಯಾವಿ!" ಎಂದು ಸರ್ವಮಂಗಳೆ ಕಟ್ಟಕಡೆಯ ಪಾತಾಳಕ್ಕೆ ಧುಮುಕಿದಳು. ಆ ವಾರ ತಯಾರಾಗಿ ಹೋದದ್ದು ನೂರೆಂಬತ್ತು ಪೆಟ್ಟಿಗೆ, ಪೆಟ್ಟಿಗೆಗೆ ಇಪ್ಪತ್ತನಾಲ್ಕು ಪ್ಯಾಕೆಟ್. ಪೆಟ್ಟಿಗೆಯೆಂದು ಆರಿಸಬೇಕಾದಲ್ಲಿ ಯಾರೋ ಪ್ಯಾಕೆಟ್ ಎಂದು ಆರಿಸಿದ್ದರು; ತಿಂಗಳ ಖರ್ಚೆಲ್ಲ ಉಳಿದ ಕೆಲವೇ ಪ್ಯಾಕೆಟ್ಟುಗಳ ತಲೆಗೆ ಬಿದ್ದಿತ್ತು. ಕೆಳಗೆ, ನಮೂದಿಸಿದವರ ಹೆಸರು: ಸರ್ವಮಂಗಳಾ.

ಆಕೆಯ ಕಿವಿ ಬಿಸಿಯಾಯಿತು. ಸದ್ದಿಲ್ಲದೆ ತಿದ್ದಿ, ಹೊಸ ಸಾಫ್ಟ್‌ವೇರಿನ ತಲೆಗೆ ಕಟ್ಟಬಹುದಿತ್ತು. ಪಕ್ಕದಲ್ಲೇ ಹನುಮಕ್ಕ ನಿಂತಿದ್ದಳು. ಸರ್ವಮಂಗಳೆ ನೇರ ಮಾಲೀಕರ ಕೋಣೆಗೆ ನಡೆದಳು.

"ತಪ್ಪು ನಂದೇ ಸಾರ್. ಪ್ಯಾಕೆಟ್ಟಿಗೆ ಬೀಳೋದು ಹದಿನಾಲ್ಕೇ ರೂಪಾಯಿ."

"ಓ, ಲಾಭಾನೇ ಹಾಗಾದ್ರೆ," ಎಂದರು ನಂಜುಂಡಾರಾಧ್ಯರು, ಫೋನಿನಿಂದ ತಲೆಯೆತ್ತದೆ. "ಸರಿ ಮಾಡೋಕೆ ಎಷ್ಟ್ ದಿನ ಬೇಕು?"

"ಒಂದು ಕ್ಲಿಕ್ಕು ಸಾರ್."

ವಿಶ್ವವೇ ನಿಬ್ಬೆರಗಾಗುವಂತೆ ಆಕೆ ಮರಳಿ ಕುಳಿತು ಆ ಕ್ಲಿಕ್ಕನ್ನು ಒತ್ತಿದಳು. ಟಿಕ್ ಎಂದಿತು.

ಹನುಮಕ್ಕ ಪರದೆಯನ್ನೂ ವೀರವನಿತೆಯ ಮುಖವನ್ನೂ ನೋಡಿದಳು. "ಇಷ್ಟಕ್ಕೇನಾ ಬೆಳಿಗ್ಗೆಯಿಂದ ನಮ್ ಹೊಟ್ಟೆ ಉರ್ಸಿದ್ದು?" ಎಂದು ಬಾಣಲೆಯ ಕಡೆ ಹೊರಟಳು.